ಉಪಕೇಂದ್ರದ ಸಿಎಚ್‌ಒ ಮೇಡಂ ಅವರನ್ನು ಪಿಎಚ್‌ಸಿಗೆ ಹಾಕಿದ್ದಾರೆ, ನಮ್ಮೂರ ಬಾಗಿಲಿಗೆ ಬೀಗ. ಯಾರನ್ನು ಕೇಳಬೇಕು?

ಜಗಳೂರು ಕಡೆಯವನು
ಎಲ್ಲರಿಗೂ ನಮಸ್ಕಾರ. ಜಗಳೂರು ತಾಲ್ಲೂಕಿನ ಸಣ್ಣ ಹಳ್ಳಿ ನಮ್ಮದು. ಮೂರು ವರ್ಷದ ಹಿಂದೆ ನಮ್ಮ ಆರೋಗ್ಯ ಉಪಕೇಂದ್ರಕ್ಕೆ ಒಬ್ಬ ಸಮುದಾಯ ಆರೋಗ್ಯ ಅಧಿಕಾರಿ ಬಂದರು. ನಾವು ಸಿಎಚ್‌ಒ ಮೇಡಂ ಎನ್ನುತ್ತೇವೆ, ಊರಿನ ಮುದುಕಿಯರಿಗೆ ಅವರು ನರ್ಸಮ್ಮ. ಅವರು ಬರುವ ಮೊದಲು ಆ ಕಟ್ಟಡದ ಜಗುಲಿ ಮೆಕ್ಕೆಜೋಳ ಒಣಗಿಸುವುದಕ್ಕೆ ಮಾತ್ರ ಬಳಕೆಯಾಗುತ್ತಿತ್ತು.

ನಮ್ಮ ಅವ್ವನಿಗೆ 64 ವರ್ಷ. ಬಿಪಿ ಇದೆ ಎಂದು ತಿಳಿದದ್ದೇ ಆ ಮೇಡಂ ಮನೆಗೆ ಬಂದು ತೋಳಿಗೆ ಪಟ್ಟಿ ಸುತ್ತಿ ನೋಡಿದ ದಿನ. ಅಂದಿನಿಂದ ತಿಂಗಳು ತಪ್ಪದೆ ಮಾತ್ರೆ. ಅವ್ವನಿಗೆ ಓದು ಬರುವುದಿಲ್ಲ. ಮಾತ್ರೆಯ ಹಾಳೆಯನ್ನು ಬೆರಳಿನಿಂದ ತಡವಿ, "ಇನ್ನು ನಾಲ್ಕು ಉಳಿದಿವೆ, ನಾಡಿದ್ದು ಹೋಗಬೇಕು" ಎಂದು ತಾನೇ ಲೆಕ್ಕ ಇಟ್ಟುಕೊಳ್ಳುತ್ತಿದ್ದಳು.

ಈಗ ಎರಡು ತಿಂಗಳಿಂದ ಮೇಡಂ ಅವರನ್ನು ಪಿಎಚ್‌ಸಿಗೆ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹಾಕಿದ್ದಾರೆ. ಅಲ್ಲಿನ ಸ್ಟಾಫ್ ನರ್ಸ್ ಹೆರಿಗೆ ರಜೆಯಲ್ಲಿದ್ದಾರಂತೆ. ಉಪಕೇಂದ್ರ ತೆರೆಯುವುದು ಗುರುವಾರ ಮಾತ್ರ, ಮಕ್ಕಳ ಲಸಿಕೆಗೆ. ಪಿಎಚ್‌ಸಿ ನಮಗೆ 14 ಕಿಲೋಮೀಟರ್, ಬೆಳಿಗ್ಗೆ ಒಂದು ಬಸ್, ಸಂಜೆ ಒಂದು. ಅವ್ವ ಎರಡು ಸಲ ಹೋಗಿ ಬೀಗ ನೋಡಿ ವಾಪಸ್ ಬಂದಳು. ನನಗೆ ಹೇಳಲೂ ಇಲ್ಲ. 19 ದಿನ ಮಾತ್ರೆ ಇಲ್ಲದೆ ಇದ್ದು, ಕಣದಲ್ಲಿ ತಲೆ ಸುತ್ತಿ ಬಿದ್ದಳು. ದಾವಣಗೆರೆಗೆ ಕರೆದುಕೊಂಡು ಹೋದಾಗ ಬಿಪಿ 190/110.

ನನ್ನ ಪ್ರಶ್ನೆ ಇಷ್ಟೇ. ಉಪಕೇಂದ್ರದ ಸಿಎಚ್‌ಒ ಅವರನ್ನು ಹೀಗೆ ಪಿಎಚ್‌ಸಿಗೆ ಹಾಕಬಹುದೇ? ಯಾರ ಹತ್ತಿರ ಹೋಗಿ ಕೇಳಬೇಕು?

ಹೊಸದುರ್ಗದ ತೆಂಗು
ನಮ್ಮಲ್ಲಿಯೂ ಇದೇ ಕಥೆ. ಬೋರ್ಡು ಹಳದಿ ಬಣ್ಣದಲ್ಲಿ ಫಳಫಳ ಹೊಳೆಯುತ್ತಿದೆ, ಒಳಗೆ ಯಾರೂ ಇಲ್ಲ.

ಮುಂಗಾರು ಬಿತ್ತನೆ
ಯಾವ ಸಿಎಚ್‌ಒ? ಪಿಎಚ್‌ಸಿಗೆ ಡಾಕ್ಟರ್ ಕೊಡುತ್ತೇವೆ ಎಂದು ನಂಬಿಸಿ ಕೈಗೆ ನರ್ಸನ್ನು ಕೊಟ್ಟು ಕೂಡಿಸಿದ್ದಾರೆ, ಅದನ್ನೇ ದೊಡ್ಡ ಯೋಜನೆ ಎನ್ನುತ್ತಾರೆ. ಹಳ್ಳಿಯವರಿಗೆ ಅರ್ಧ ಡಾಕ್ಟರ್ ಸಾಕೇ? ಪೇಟೆಯವರಿಗೆ ಹೀಗೆ ಮಾಡಿ ನೋಡಲಿ.

ಉಪಕೇಂದ್ರದ ಸಿಸ್ಟರ್
ಜಗಳೂರಿನ ಅಣ್ಣನವರೇ, ಮೊದಲು ಅವ್ವ ಹೇಗಿದ್ದಾರೆ ತಿಳಿಸಿ. ನಾನು ಚಿತ್ರದುರ್ಗ ಜಿಲ್ಲೆಯಲ್ಲಿ ಸಿಎಚ್‌ಒ. ನಿಮ್ಮ ಮೇಡಂ ನಾನಲ್ಲ, ಆದರೆ ನಾನೂ ಕಳೆದ ವರ್ಷ ನಾಲ್ಕು ತಿಂಗಳು ಪಿಎಚ್‌ಸಿಯಲ್ಲಿ ರಾತ್ರಿ ಪಾಳಿ ಮಾಡಿದ್ದೇನೆ.

ಮುಂಗಾರು ಅಣ್ಣನವರಿಗೆ ಒಂದು ಮಾತು. ನಮ್ಮನ್ನು ನೇಮಿಸಿರುವುದು ಪಿಎಚ್‌ಸಿಯ ಡಾಕ್ಟರ್ ಜಾಗಕ್ಕೆ ಅಲ್ಲ. ಪಿಎಚ್‌ಸಿಯಲ್ಲಿ ಎಂಬಿಬಿಎಸ್ ವೈದ್ಯರು ಇರಲೇಬೇಕು. ನಮ್ಮ ಜಾಗ ಅದರ ಕೆಳಗಿನ ಉಪಕೇಂದ್ರ. 2018ರಲ್ಲಿ ಆಯುಷ್ಮಾನ್ ಭಾರತದ ಅಡಿ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮಾಡಲು ಶುರು ಮಾಡಿದಾಗ ಈ ಹುದ್ದೆ ಬಂತು. 2023ರಲ್ಲಿ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ ಎಂದಾಯಿತು. ನಾನು ಬಿಎಸ್ಸಿ ನರ್ಸಿಂಗ್ ಮಾಡಿ, ಆಮೇಲೆ ಆರು ತಿಂಗಳ ಸಮುದಾಯ ಆರೋಗ್ಯ ತರಬೇತಿ ಮುಗಿಸಿ ಬಂದವಳು. ಮೊದಲು ಉಪಕೇಂದ್ರ ಎಂದರೆ ಬಸುರಿ, ಬಾಣಂತಿ, ಲಸಿಕೆ ಎಂದಷ್ಟೇ ಇತ್ತು. ಈಗ 30 ವರ್ಷ ದಾಟಿದ ಪ್ರತಿಯೊಬ್ಬರ ಬಿಪಿ, ಶುಗರ್ ನೋಡಬೇಕು, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಬೇಕು, ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ತಿಂಗಳು ತಿಂಗಳು ಕೊಡಬೇಕು.

ಪಿಎಚ್‌ಸಿಗೆ ಹಾಕುವ ವಿಷಯ. ಬಹಳ ಸಲ ಇದಕ್ಕೆ ಕಾಗದವೇ ಇರುವುದಿಲ್ಲ. "ನಾಳೆಯಿಂದ ಇಲ್ಲಿಗೆ ಬನ್ನಿ" ಎಂದು ಫೋನಿನಲ್ಲಿ ಹೇಳುತ್ತಾರೆ. ನಾವು ಗುತ್ತಿಗೆಯವರು, ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ಇಲ್ಲ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಇನ್ನೊಂದು ಸಂಗತಿ ಹೊರಗಿನವರಿಗೆ ಗೊತ್ತಿರುವುದಿಲ್ಲ. ನಮ್ಮ ಸಂಬಳದ ಒಂದು ಭಾಗ ಪ್ರೋತ್ಸಾಹಧನ, ಅದು ಉಪಕೇಂದ್ರದಲ್ಲಿ ಎಷ್ಟು ಜನರನ್ನು ನೋಡಿದೆವು ಎಂಬುದರ ಮೇಲೆ ನಿಂತಿದೆ. ಪಿಎಚ್‌ಸಿಯಲ್ಲಿ ಹಗಲು ರಾತ್ರಿ ದುಡಿದರೂ ನಮ್ಮ ಖಾತೆಯಲ್ಲಿ ಆ ತಿಂಗಳ ಕೆಲಸ ಸೊನ್ನೆ.

ಮುಂಗಾರು ಬಿತ್ತನೆ
ಸಿಸ್ಟರ್, ನಿಮ್ಮ ಮೇಲೆ ನನಗೆ ಕೋಪವಿಲ್ಲ. ಆದರೆ ನಿಮ್ಮ ಮಾತಿನಿಂದಲೇ ನನ್ನ ಮಾತು ಸಾಬೀತಾಯಿತು. ಪಿಎಚ್‌ಸಿಗೆ ಬೇಕಾದ ನರ್ಸನ್ನು ಸರ್ಕಾರ ನೇಮಿಸಲಿಲ್ಲ, ಹಳ್ಳಿಗೆ ಕೊಟ್ಟಿದ್ದನ್ನೇ ಕಿತ್ತು ಅಲ್ಲಿಗೆ ಹಾಕಿತು. ಒಂದೇ ಕಂಬಳಿಯನ್ನು ತಲೆಗೆ ಎಳೆದರೆ ಕಾಲಿಗಿಲ್ಲ.

ಹಳೆಯ ಹೆಲ್ತ್ ಇನ್‌ಸ್ಪೆಕ್ಟರ್
ನಾನು ಇದೇ ಎರಡು ಜಿಲ್ಲೆಗಳಲ್ಲಿ 33 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಸೇರಿದಾಗ ಎರಡೂ ಒಂದೇ ಜಿಲ್ಲೆ, 1997ರಲ್ಲಿ ದಾವಣಗೆರೆ ಬೇರೆಯಾಯಿತು.

ಆಗ ನಮ್ಮ ಕೆಲಸ ಮಲೇರಿಯಾ. ಮನೆ ಮನೆಗೆ ಹೋಗಿ, ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ತುಂಡಿನ ಮೇಲೆ ರಕ್ತ ಸವರಿಕೊಂಡು ಬರುತ್ತಿದ್ದೆವು. ಹೋದ ಗುರುತಿಗೆ ಮನೆಯ ಗೋಡೆಯ ಮೇಲೆ ತಾರೀಖು ಬರೆದು ಸಹಿ ಹಾಕಬೇಕು. ಮೇಲಧಿಕಾರಿ ಬಂದರೆ ನಮ್ಮನ್ನು ಕೇಳುತ್ತಿರಲಿಲ್ಲ, ನೇರ ಗೋಡೆ ನೋಡುತ್ತಿದ್ದರು. ಭರಮಸಾಗರದ ಕಡೆ ಒಂದು ಮನೆಯಲ್ಲಿ ಯಜಮಾನರು ಸುಣ್ಣ ಬಳಿಯುವಾಗ ಆ ಚೌಕವನ್ನು ಮಾತ್ರ ಬಿಟ್ಟು ಸುತ್ತಲೂ ಬಳಿದಿದ್ದರು. "ಇದು ಸರ್ಕಾರದ ಲೆಕ್ಕ, ಅಳಿಸಬಾರದು" ಎಂದರು. ಆ ವಿಶ್ವಾಸ ಬಂದದ್ದು ಔಷಧದಿಂದಲ್ಲ, ಹದಿನೈದು ದಿನಕ್ಕೊಮ್ಮೆ ಅದೇ ಮನುಷ್ಯ ಅದೇ ಬಾಗಿಲಿಗೆ ಬರುತ್ತಿದ್ದುದರಿಂದ.

ಲೆಕ್ಕ ಹೇಳುತ್ತೇನೆ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪಿಎಚ್‌ಸಿ, 5,000 ಜನಕ್ಕೆ ಒಂದು ಉಪಕೇಂದ್ರ. ಅಂದರೆ ಒಂದು ಉಪಕೇಂದ್ರದ ಸಿಎಚ್‌ಒ ಅವರನ್ನು ಎಳೆದರೆ 5,000 ಜನರ ಬಾಗಿಲು ಮುಚ್ಚಿದಂತೆ. ಪಿಎಚ್‌ಸಿಯ ರಾತ್ರಿ ಪಾಳಿ ತುಂಬುತ್ತದೆ, ಕಾಗದದ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಜಗಳೂರಿನ ತಾಯಿಯವರು ಬಿದ್ದದ್ದು ಯಾವ ಕಾಗದದಲ್ಲಿ ಬರುತ್ತದೆ?

ದಾವಣಗೆರೆ ವೈದ್ಯ
ಕೆಲವು ತಪ್ಪು ತಿಳಿವಳಿಕೆ ತಿದ್ದಬೇಕು. ನಾನು ಏಳು ವರ್ಷ ಪಿಎಚ್‌ಸಿಯಲ್ಲಿ ವೈದ್ಯಾಧಿಕಾರಿಯಾಗಿದ್ದೆ.

"ಅರ್ಧ ಡಾಕ್ಟರ್" ಎಂಬ ಮಾತು ಎಲ್ಲಿಂದ ಬಂತು ಎಂದರೆ, 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಸೆಕ್ಷನ್‌ನಲ್ಲಿ ಸಮುದಾಯ ಆರೋಗ್ಯ ಸೇವಾದಾರರಿಗೆ ಸೀಮಿತ ಪರವಾನಗಿ ಕೊಡುವ ಮಾತಿದೆ. ಅದಕ್ಕೆ ದೇಶದ ವೈದ್ಯರು ಮುಷ್ಕರವನ್ನೂ ಮಾಡಿದರು. ಆದರೆ ಉಪಕೇಂದ್ರದಲ್ಲಿ ಕೂತಿರುವ ಸಿಎಚ್‌ಒ ಆ ಪರವಾನಗಿಯಿಂದ ಬಂದವರಲ್ಲ, ಸಿಎಚ್‌ಒ ಯೋಜನೆ ಈ ಕಾಯ್ದೆಗಿಂತ ಹಿಂದಿನದು. ಅವರು ಬಿಪಿ ಮಾತ್ರೆಯನ್ನು ತಾವಾಗಿ ಶುರು ಮಾಡುವುದಿಲ್ಲ. 140/90 ದಾಟಿದ್ದು ಕಂಡರೆ ನಮ್ಮಲ್ಲಿಗೆ ಕಳಿಸುತ್ತಾರೆ. ನಾವು ನೋಡಿ, ರೋಗ ಖಚಿತ ಮಾಡಿ ಬರೆದುಕೊಡುತ್ತೇವೆ. ಆಮೇಲೆ ತಿಂಗಳು ತಿಂಗಳು ಮಾತ್ರೆ ಕೊಡುವುದು, ಅಳೆಯುವುದು, ತಪ್ಪಿಸಿದವರನ್ನು ಹುಡುಕಿಕೊಂಡು ಹೋಗುವುದು ಅವರ ಕೆಲಸ. ಅನುಮಾನ ಬಂದರೆ ಇ-ಸಂಜೀವಿನಿಯಲ್ಲಿ ವೀಡಿಯೊ ಮೂಲಕ ವೈದ್ಯರನ್ನು ಕೇಳುತ್ತಾರೆ.

ನನ್ನ ಅನುಭವ ಹೇಳುತ್ತೇನೆ. ಬಿಪಿ ರೋಗಿಗಳಲ್ಲಿ ನನಗೆ ಕಷ್ಟವಾಗಿದ್ದು ರೋಗ ಕಂಡುಹಿಡಿಯುವುದಲ್ಲ. ಎರಡನೇ ತಿಂಗಳು ಅವರು ಬರುವುದಿಲ್ಲ. ತಲೆನೋವು ಹೋಯಿತು, ಮಾತ್ರೆ ಬಿಟ್ಟೆ ಎನ್ನುತ್ತಾರೆ. ಆರು ತಿಂಗಳಾದ ಮೇಲೆ ಲಕ್ವ ಹೊಡೆದು ಬರುತ್ತಾರೆ. ಸಿಎಚ್‌ಒ ಬಂದ ಮೇಲೆ ನನ್ನ ಮೂರು ಉಪಕೇಂದ್ರಗಳಲ್ಲಿ ಈ ಬಿಟ್ಟುಹೋಗುವವರು ಕಣ್ಣಿಗೆ ಕಾಣುವಂತೆ ಕಡಿಮೆಯಾದರು.

ಒಪ್ಪಿಕೊಳ್ಳಬೇಕಾದದ್ದೂ ಇದೆ. ನರ್ಸ್ ಇಲ್ಲದೆ ರಾತ್ರಿ ಹೆರಿಗೆ ಬಂದಾಗ ನಾನೂ ಸಿಎಚ್‌ಒ ಅವರನ್ನು ಕರೆಸಿಕೊಂಡಿದ್ದೇನೆ. ಹೆರಿಗೆ ನೋವಿನವಳನ್ನು ಬಾಗಿಲಲ್ಲಿ ನಿಲ್ಲಿಸಿ ಸುತ್ತೋಲೆ ಓದಲು ಆಗುವುದಿಲ್ಲ. ಒಂದು ರಾತ್ರಿಗೆ ಅದು ಸರಿ, ಎರಡು ತಿಂಗಳಿಗೆ ಅಲ್ಲ.

ಚಳ್ಳಕೆರೆ ಶೇಂಗಾ
ಇ-ಸಂಜೀವಿನಿ ಎಂದಿರಿ ಡಾಕ್ಟರೇ. ನಮ್ಮ ಸಿಎಚ್‌ಒ ಟ್ಯಾಬ್ ಹಿಡಿದುಕೊಂಡು ಕಿಟಕಿಯ ಹತ್ತಿರ ನಿಲ್ಲುತ್ತಾರೆ, ಅಲ್ಲಿ ಮಾತ್ರ ಎರಡು ಗೆರೆ ನೆಟ್‌ವರ್ಕ್. ರೋಗಿಯೂ ಅಲ್ಲಿಯೇ ನಿಲ್ಲಬೇಕು. ಅಪ್ಪನ ಕಾಲಿನ ಹುಣ್ಣನ್ನು ಡಾಕ್ಟರಿಗೆ ತೋರಿಸಲು ಕಿಟಕಿಯ ಕಟ್ಟೆಯ ಮೇಲೆ ಕಾಲಿಡಿಸಿದೆವು. ಆದರೂ ಒಂದು ಮಾತು ಹೇಳುತ್ತೇನೆ, ಆ ದಿನ ವೀಡಿಯೊದಲ್ಲಿ ನೋಡಿದ ಡಾಕ್ಟರ್ ಶುಗರ್ ನೋಡಿ ಎಂದರು, 312 ಬಂತು. ಅದಿಲ್ಲದಿದ್ದರೆ ಅಪ್ಪ ಇನ್ನೂ ಅರಿಸಿನ ಹಚ್ಚಿಕೊಂಡು ಕೂತಿರುತ್ತಿದ್ದ.

ಮುಂಗಾರು ಬಿತ್ತನೆ
ಸರಿ, ನನ್ನ ಸಿಟ್ಟಿನ ಮೂಲವನ್ನೂ ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ ನನ್ನ ಅಣ್ಣನಿಗೆ ಎದೆ ಉರಿ ಎಂದು ಶುರುವಾಯಿತು. ಊರಿಗೆ ಸ್ಕೂಟರಿನಲ್ಲಿ ಬರುವ ಒಬ್ಬರು, ಯಾವ ಓದು ಎಂದು ಯಾರೂ ಕೇಳಿದವರಲ್ಲ, ಗ್ಯಾಸ್ ಎಂದು ಇಂಜೆಕ್ಷನ್ ಕೊಟ್ಟು ಹೋದರು. ಬೆಳಗಾಗುವಷ್ಟರಲ್ಲಿ ಅಣ್ಣ ಇರಲಿಲ್ಲ. 47 ವರ್ಷ. ಉಪಕೇಂದ್ರ ಇತ್ತು, ಬೀಗ ಹಾಕಿತ್ತು. ಅದಕ್ಕೇ ನನಗೆ ಪೂರ್ತಿ ಡಾಕ್ಟರ್ ಬೇಕು ಎನ್ನುವುದು.

ಉಪಕೇಂದ್ರದ ಸಿಸ್ಟರ್
ಅಣ್ಣ, ನಿಮ್ಮ ದುಃಖ ಅರ್ಥವಾಗುತ್ತದೆ. ಇದನ್ನು ವಾದಕ್ಕಾಗಿ ಹೇಳುತ್ತಿಲ್ಲ. ಹೋದ ಬೇಸಿಗೆಯಲ್ಲಿ ಒಬ್ಬರು ಎಡಗೈ ಹಿಡಿದುಕೊಂಡು, ಬೆವರಿನಲ್ಲಿ ತೊಯ್ದು ನಮ್ಮ ಕೇಂದ್ರಕ್ಕೆ ಬಂದರು. ಅವರೂ ಗ್ಯಾಸ್ ಎಂದೇ ಹೇಳಿದರು. ನಮ್ಮಲ್ಲಿ ಇಸಿಜಿ ಇಲ್ಲ. ಪಿಎಚ್‌ಸಿ ಡಾಕ್ಟರಿಗೆ ಫೋನ್ ಮಾಡಿದೆ, ಆಸ್ಪಿರಿನ್ ಅಗಿಯಲು ಕೊಟ್ಟು ತಕ್ಷಣ 108ರಲ್ಲಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿ ಎಂದರು. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಅವರು ಈಗ ಹೊಲಕ್ಕೆ ಹೋಗುತ್ತಾರೆ. ನಾನು ಮಾಡಿದ್ದು ಇಷ್ಟೇ, ಬಾಗಿಲು ತೆರೆದು ಕೂತಿದ್ದೆ, ಇದು ಗ್ಯಾಸ್ ಅಲ್ಲ ಎಂದು ಗುರುತಿಸಿದೆ.

ಮುಂಗಾರು ಬಿತ್ತನೆ
ಆ ದಿನ ನಮ್ಮ ಬಾಗಿಲೂ ತೆರೆದಿದ್ದರೆ ಎಂದು ಅನಿಸುತ್ತದೆ. ಬಿಡಿ.

ಮೊಳಕಾಲ್ಮೂರು ರೇಷ್ಮೆ
ವಿಷಯ ಸ್ವಲ್ಪ ಬೇರೆ, ಆದರೆ ಹೇಳಲೇಬೇಕು. ನಮ್ಮ ಕಡೆ ಸಿಎಚ್‌ಒ ಹತ್ತಿರ ಬರುವವರಲ್ಲಿ ಮುಕ್ಕಾಲು ಪಾಲು ಮೊಣಕಾಲು ನೋವು, ಸೊಂಟ ನೋವು ಎಂದೇ ಬರುತ್ತಾರೆ. ಇಂಜೆಕ್ಷನ್ ಕೊಡಿ ಎಂದು ಹಟ. ಕೊಡದಿದ್ದರೆ ಈ ನರ್ಸಮ್ಮನಿಗೆ ಏನೂ ಬರುವುದಿಲ್ಲ ಎಂದು ಬೈದುಕೊಂಡು, ಸ್ಕೂಟರಿನ ಡಾಕ್ಟರ್ ಹತ್ತಿರ ಹೋಗುತ್ತಾರೆ. ನೋವಿನ ಮೂಲ ಕೊಳವೆಬಾವಿಯ ನೀರು. ಫ್ಲೋರೈಡ್. ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆ ನೋಡಿದರೆ ಸಾಕು.

ಹಳೆಯ ಹೆಲ್ತ್ ಇನ್‌ಸ್ಪೆಕ್ಟರ್
ಸರಿಯಾಗಿ ಹೇಳಿದಿರಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಬಾರದು. ಮೊಳಕಾಲ್ಮೂರು, ಚಳ್ಳಕೆರೆ, ಜಗಳೂರು, ಈ ಪಟ್ಟಿಯೆಲ್ಲ ಅದೇ ನೀರು. ಕುದಿಸಿದರೆ ಹೋಗುತ್ತದೆ ಎಂದು ಇನ್ನೂ ನಂಬಿದವರಿದ್ದಾರೆ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿಯುತ್ತದೆ.

ಹೊಸದುರ್ಗದ ತೆಂಗು
ಶುದ್ಧ ನೀರಿನ ಘಟಕ ಇದೆಯಲ್ಲ, ಐದು ರೂಪಾಯಿ ಹಾಕಿದರೆ ಒಂದು ಕ್ಯಾನ್.

ಮೊಳಕಾಲ್ಮೂರು ರೇಷ್ಮೆ
ಇದೆ. ಮಳೆಗಾಲದಿಂದ ಕೆಟ್ಟು ನಿಂತಿದೆ. ನಾಣ್ಯ ಹಾಕುವ ತೂತಿನಲ್ಲಿ ಜೇಡ ಬಲೆ ಕಟ್ಟಿದೆ.

ದಾವಣಗೆರೆ ವೈದ್ಯ
ನೋವಿನ ಇಂಜೆಕ್ಷನ್ ಬಗ್ಗೆ ಎಲ್ಲರೂ ಓದಿಕೊಳ್ಳಿ. ಬಿಪಿ, ಶುಗರ್ ಇದ್ದವರು ವಾರಕ್ಕೊಮ್ಮೆ ಡೈಕ್ಲೋಫೆನಾಕ್ ಚುಚ್ಚಿಸಿಕೊಂಡರೆ ಮೂತ್ರಪಿಂಡಕ್ಕೆ ಪೆಟ್ಟು, ಬಿಪಿ ಇನ್ನೂ ಏರುತ್ತದೆ. ಇಂಜೆಕ್ಷನ್ ಕೊಡಲಿಲ್ಲ ಎಂದು ಸಿಎಚ್‌ಒ ಅವರನ್ನು ಬೈಯಬೇಡಿ. ಕೊಡದೆ ಕಳಿಸಿದ್ದೇ ಅವರು ಮಾಡಿದ ಉಪಕಾರ.

ಹಟ್ಟಿಯ ಆಶಾ
ನಾನು ಹಿರಿಯೂರು ಕಡೆ ಆಶಾ ಕಾರ್ಯಕರ್ತೆ. ಎಲ್ಲರೂ ಬಿಪಿ ಬಗ್ಗೆ ಮಾತಾಡುತ್ತಿದ್ದೀರಿ, ಬಾಣಂತಿಯರ ಬಗ್ಗೆಯೂ ಕೇಳಿ. ನನಗೆ ಎರಡು ಗೊಲ್ಲರಹಟ್ಟಿ ಬರುತ್ತವೆ. ಕೆಲವು ಮನೆಗಳಲ್ಲಿ ಈಗಲೂ ಬಾಣಂತಿಯನ್ನು ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇಡುತ್ತಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೂ, ಬಂದ ಮೇಲೆ ಹೊರಗೆ. 3, 7, 14, 21, 28, 42ನೇ ದಿನ ನಾನು ಮಗುವನ್ನು ತೂಗಿ ನೋಡಬೇಕು. ನಾನು ಅದೇ ಊರಿನ ಸೊಸೆ, ಹಿರಿಯರ ಎದುರು ನನ್ನ ಮಾತು ನಡೆಯುವುದಿಲ್ಲ.

ಹೋದ ಚಳಿಗಾಲದಲ್ಲಿ ಒಂದು ಮಗು ಏಳನೇ ದಿನ ಹಾಲು ಕುಡಿಯುವುದು ಕಡಿಮೆ ಮಾಡಿತು. ಮುಟ್ಟಿದರೆ ಪಾದ ತಣ್ಣಗೆ. ಸಿಎಚ್‌ಒ ಅಕ್ಕನಿಗೆ ಫೋನ್ ಮಾಡಿದೆ, ಸ್ಕೂಟಿಯಲ್ಲಿ ಬಂದರು. ಆ ಗುಡಿಸಲಿನಲ್ಲಿ ಬಗ್ಗಿಯೇ ಒಳಗೆ ಹೋಗಬೇಕು. ಅಕ್ಕ ಒಳಗೆ ಕೂತು, ಮಗುವಿನ ಬಟ್ಟೆ ಬಿಚ್ಚಿ ತಾಯಿಯ ಎದೆಗೆ ಒತ್ತಿ ಹಿಡಿಸಿ, ಮೇಲೆ ತಮ್ಮದೇ ಶಾಲು ಹೊದಿಸಿದರು. ಆಮೇಲೆ ಹೊರಗೆ ಬಂದು ಅಜ್ಜನಿಗೆ, "ಯಜಮಾನರೇ, ದೇವರ ವಿಷಯ ನಾನು ಮಾತಾಡುವುದಿಲ್ಲ. ಈ ಚಳಿಯಲ್ಲಿ ಮಗು ಇಲ್ಲಿದ್ದರೆ ಉಳಿಯುವುದಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ" ಎಂದರು. ಅಜ್ಜ ಆಗಲಿ ಎಂದು ತಲೆ ಅಲ್ಲಾಡಿಸಿದರು. 108 ಬಂತು. ಮಗುವಿಗೆ ಈಗ ಹಲ್ಲು ಬಂದಿದೆ.

ಅಕ್ಕನನ್ನು ಪಿಎಚ್‌ಸಿಗೆ ಹಾಕಿದ್ದಿದ್ದರೆ ಆ ದಿನ ನಾನು ಯಾರಿಗೆ ಫೋನ್ ಮಾಡಬೇಕಿತ್ತು?

ಚಳ್ಳಕೆರೆ ಶೇಂಗಾ
ಓದಿ ಕಣ್ಣು ತುಂಬಿತು ತಾಯಿ.

ನರ್ಸಿಂಗ್ ಕೊನೆಯ ವರ್ಷ
ನಾನು ದಾವಣಗೆರೆಯಲ್ಲಿ ಬಿಎಸ್ಸಿ ನರ್ಸಿಂಗ್ ಓದುತ್ತಿದ್ದೇನೆ, ಮುಗಿದ ಮೇಲೆ ಸಿಎಚ್‌ಒಗೆ ಹಾಕಬೇಕೋ, ಬೆಂಗಳೂರಿನ ಆಸ್ಪತ್ರೆಗೆ ಹೋಗಬೇಕೋ ಗೊತ್ತಾಗುತ್ತಿಲ್ಲ. ಮನೆಯಲ್ಲಿ, ಗುತ್ತಿಗೆ ಕೆಲಸ, ಒಬ್ಬಳೇ ಹಳ್ಳಿಯಲ್ಲಿ ಇರಬೇಕು, ಬೇಡ ಎನ್ನುತ್ತಾರೆ. ಸಿಸ್ಟರ್, ನಿಜ ಹೇಳಿ.

ಉಪಕೇಂದ್ರದ ಸಿಸ್ಟರ್
ನಿಜವನ್ನೇ ಹೇಳುತ್ತೇನೆ ತಂಗಿ. ನನಗೆ ಕೊಟ್ಟ ವಸತಿಯಲ್ಲಿ ಮೊದಲ ಆರು ತಿಂಗಳು ನೀರಿನ ಸಂಪರ್ಕ ಇರಲಿಲ್ಲ. ಆ್ಯಪ್‌ಗಳಿಗೆ ಮಾಹಿತಿ ತುಂಬುವುದರಲ್ಲಿ ದಿನದ ಎರಡು ಗಂಟೆ ಹೋಗುತ್ತದೆ, ಒಂದೇ ಹೆಸರನ್ನು ಮೂರು ಕಡೆ ಬರೆಯಬೇಕು. ಸಂಬಳ ತಡವಾಗಿ ಬಂದ ತಿಂಗಳುಗಳಿವೆ. ಅಕಸ್ಮಾತ್ ರಾತ್ರಿ ಯಾರಾದರೂ ಬಾಗಿಲು ತಟ್ಟಿದರೆ ಮೊದಲು ಭಯವೇ ಆಗುತ್ತದೆ.

ಆದರೆ ಆಸ್ಪತ್ರೆಯ ವಾರ್ಡಿನಲ್ಲಿ ರೋಗಿ ಗುಣವಾಗಿ ಹೋದರೆ ಮತ್ತೆ ಮುಖ ನೋಡುವುದಿಲ್ಲ. ಇಲ್ಲಿ ನಾನು ಹಿಮೋಗ್ಲೋಬಿನ್ 6.8 ಇದ್ದಾಗ ಹೆದರಿಸಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದ ಹುಡುಗಿ, ಈಗ ಮಗುವನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದು ಅವರೆಕಾಯಿ ಕೊಟ್ಟು ಹೋಗುತ್ತಾಳೆ. ಬರುವುದಾದರೆ ಸ್ಕೂಟಿ ಕಲಿತುಕೊಂಡು ಬಾ. ಜೊತೆಗೆ, ಪಿಎಚ್‌ಸಿಗೆ ಬನ್ನಿ ಎಂದು ಬಾಯಿಮಾತಿನಲ್ಲಿ ಹೇಳಿದರೆ ಲಿಖಿತ ಆದೇಶ ಕೇಳುವುದನ್ನೂ ಕಲಿತುಕೋ. ನಾನು ಅದನ್ನು ತಡವಾಗಿ ಕಲಿತೆ.

ಬೆಂಗಳೂರು ಸೇರಿದ ಚನ್ನಗಿರಿಯವನು
ಜಗಳೂರಿನವರ ಮೂಲ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ನಮ್ಮ ಊರಿನಲ್ಲಿ ಇದೇ ತೊಂದರೆಯಾದಾಗ ನಾವು ಮೊದಲು ಮಾಡಿದ ತಪ್ಪು, ನೇರವಾಗಿ ಜಿಲ್ಲಾ ಕಚೇರಿಗೆ ಅರ್ಜಿ ಕೊಟ್ಟೆವು. ಅರ್ಜಿ ಮಲಗಿತು.

ಪ್ರತಿ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಒಂದು ಜನ ಆರೋಗ್ಯ ಸಮಿತಿ ಇರಬೇಕು. ಉಪಕೇಂದ್ರ ಮಟ್ಟದಲ್ಲಿ ಅದರ ಅಧ್ಯಕ್ಷರು ಗ್ರಾಮ ಪಂಚಾಯಿತಿ ಅಧ್ಯಕ್ಷರೇ. ಪಿಎಚ್‌ಸಿ ವೈದ್ಯಾಧಿಕಾರಿ ಸಹ ಅಧ್ಯಕ್ಷರು, ಸಿಎಚ್‌ಒ ಸದಸ್ಯ ಕಾರ್ಯದರ್ಶಿ. ಆಶಾ, ಸ್ತ್ರೀಶಕ್ತಿ ಸಂಘದವರೂ ಇರುತ್ತಾರೆ. ವರ್ಷಕ್ಕೆ 50,000 ರೂಪಾಯಿ ಮುಕ್ತ ನಿಧಿಯೂ ಇದರ ಕೈಯಲ್ಲಿದೆ. ಪಂಚಾಯಿತಿ ಅಧ್ಯಕ್ಷರನ್ನು ಹಿಡಿದು ಸಭೆ ಕರೆಸಿ. ಸಭೆಯ ನಡಾವಳಿಯಲ್ಲಿ "ಇಂಥ ದಿನದಿಂದ ಉಪಕೇಂದ್ರ ಮುಚ್ಚಿದೆ, ಇಷ್ಟು ಬಿಪಿ ಮತ್ತು ಶುಗರ್ ರೋಗಿಗಳಿಗೆ ಮಾತ್ರೆ ಸಿಕ್ಕಿಲ್ಲ" ಎಂದು ಹೆಸರು ಸಮೇತ ಬರೆಸಿ, ತಾಲ್ಲೂಕು ಆರೋಗ್ಯಾಧಿಕಾರಿಗೆ ಪ್ರತಿ ಕಳಿಸಿ. ಒಬ್ಬನ ದೂರನ್ನು ಬದಿಗಿಡುವುದು ಸುಲಭ, ಸಮಿತಿಯ ನಡಾವಳಿಯನ್ನು ಹಾಗೆ ಇಡಲಾಗುವುದಿಲ್ಲ.

ಹಳೆಯ ಹೆಲ್ತ್ ಇನ್‌ಸ್ಪೆಕ್ಟರ್
ಒಳ್ಳೆಯ ಸಲಹೆ. ಒಂದು ಸೇರಿಸುತ್ತೇನೆ. ದೂರು ಸಿಎಚ್‌ಒ ಮೇಲೆ ಬೀಳದಂತೆ ಬರೆಸಿ. "ಮೇಡಂ ಬರುತ್ತಿಲ್ಲ" ಎಂದು ಬರೆದರೆ ಅವರಿಗೇ ನೋಟಿಸ್ ಹೋಗುತ್ತದೆ. "ಮೇಡಂ ಅವರನ್ನು ನಮಗೆ ವಾಪಸ್ ಕೊಡಿ, ಪಿಎಚ್‌ಸಿಗೆ ಬದಲಿ ನರ್ಸ್ ಹಾಕಿ" ಎಂದು ಬರೆಸಿ.

ಜಗಳೂರು ಕಡೆಯವನು
ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು. ಹನ್ನೊಂದು ದಿನದ ನಂತರ ಬರೆಯುತ್ತಿದ್ದೇನೆ.

ಪಂಚಾಯಿತಿ ಅಧ್ಯಕ್ಷರಿಗೆ ತಾವೇ ಆ ಸಮಿತಿಯ ಅಧ್ಯಕ್ಷರು ಎಂಬುದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಮುತುವರ್ಜಿ ವಹಿಸಿದರು. ಸಭೆಗೆ ನಮ್ಮೂರಿನ 41 ಜನ ಬಿಪಿ, ಶುಗರ್ ಕಾರ್ಡು ಹಿಡಿದು ಬಂದರು. ಅವ್ವನೂ ಬಂದಳು. ಖಾಲಿ ಮಾತ್ರೆ ಹಾಳೆಯನ್ನು ವೈದ್ಯಾಧಿಕಾರಿಗಳ ಮೇಜಿನ ಮೇಲಿಟ್ಟು, "ಇದನ್ನು ತುಂಬಿಸಿ ಕೊಡಿ ಸ್ವಾಮಿ" ಎಂದಳು. ಅವರೂ ತಮ್ಮ ಕಷ್ಟ ಹೇಳಿಕೊಂಡರು, ಒಬ್ಬ ನರ್ಸಿನಲ್ಲಿ ಮೂರು ಪಾಳಿ ನಡೆಸಬೇಕಂತೆ. ಸದ್ಯಕ್ಕೆ ಸೋಮವಾರ, ಬುಧವಾರ, ಶುಕ್ರವಾರ ಮೇಡಂ ಉಪಕೇಂದ್ರದಲ್ಲಿ ಇರುತ್ತಾರೆ, ಉಳಿದ ದಿನ ಪಿಎಚ್‌ಸಿ. ಬದಲಿ ನರ್ಸ್ ಬಂದ ಮೇಲೆ ಪೂರ್ತಿ ವಾಪಸ್. ಇದನ್ನು ನಡಾವಳಿಯಲ್ಲಿ ಬರೆಸಿದ್ದೇವೆ, ಪ್ರತಿಯನ್ನು ತಾಲ್ಲೂಕಿಗೆ ಕಳಿಸಿದ್ದೇವೆ.

ಮೊನ್ನೆ ಬುಧವಾರ ಅವ್ವನ ಬಿಪಿ 146/88.

ಮುಂಗಾರು ಬಿತ್ತನೆ
ಮೂರು ದಿನ ಸಾಲದು, ಪೂರ್ತಿ ವಾಪಸ್ ಬರುವವರೆಗೆ ಬಿಡಬೇಡಿ. ನಮ್ಮ ಪಂಚಾಯಿತಿಯಲ್ಲಿಯೂ ಈ ಸಮಿತಿ ಇದೆಯೇ ಎಂದು ನಾಳೆ ಹೋಗಿ ಕೇಳುತ್ತೇನೆ. ಚನ್ನಗಿರಿಯವರೇ, ನಿಮ್ಮೂರ ನಡಾವಳಿಯ ಒಂದು ಪ್ರತಿ ಇದ್ದರೆ ಇಲ್ಲಿ ಹಾಕುತ್ತೀರಾ? ಹೆಸರುಗಳನ್ನು ಮರೆಮಾಚಿ ಹಾಕಿ, ಬರೆಯುವ ಕ್ರಮ ತಿಳಿದರೆ ಸಾಕು.

ಬೆಂಗಳೂರು ಸೇರಿದ ಚನ್ನಗಿರಿಯವನು
ಭಾನುವಾರ ಊರಿಗೆ ಹೋಗುತ್ತಿದ್ದೇನೆ. ಫೋಟೊ ತೆಗೆದು ಹಾಕುತ್ತೇನೆ.